ಖರ್ಚು ಯಾರದೆಂಬ ಜಗಳದಲ್ಲಿ ಮನೆ ಕಾಣದೆ ಹೋದ ಮಗು

ಮಗುವಿನ ಆರೈಕೆಯ ಖರ್ಚು ಯಾರು ಕೊಡಬೇಕು? ಈ ಪ್ರಶ್ನೆಗೆ ಎರಡು ಸರಕಾರಗಳು ಉತ್ತರ ಹುಡುಕುವಷ್ಟರಲ್ಲಿ ಮಗುವೇ ಇಲ್ಲವಾಯಿತು. ಕೆನಡಾದ ಮೂಲನಿವಾಸಿ ಮಕ್ಕಳ ಹಕ್ಕಿನ ಹೋರಾಟಕ್ಕೆ ಆ ಬಾಲಕನ ಹೆಸರೇ ಇಂದು ಗುರುತಾಗಿದೆ.

ಜೋರ್ಡನ್ ರಿವರ್ ಆಂಡರ್ಸನ್ 1999ರಲ್ಲಿ ಮನಿಟೋಬಾ ಪ್ರಾಂತ್ಯದ ನಾರ್ವೆ ಹೌಸ್ ಕ್ರೀ ಸಮುದಾಯದಲ್ಲಿ ಜನಿಸಿದ. ಹುಟ್ಟಿನಿಂದಲೇ ತೀವ್ರ ಅನಾರೋಗ್ಯ. ಎರಡು ವರ್ಷವಾದಾಗ ಮನೆಗೆ ಕರೆದೊಯ್ಯಬಹುದೆಂದು ವೈದ್ಯರು ತಿಳಿಸಿದರು. ಬೇರೆ ಮಗುವಾಗಿದ್ದರೆ ಪ್ರಾಂತೀಯ ಸರಕಾರ ಹಣ ಕೊಡುತ್ತಿತ್ತು. ಮೂಲನಿವಾಸಿಗಳ ಹೊಣೆ ಕೇಂದ್ರದ್ದಾದ್ದರಿಂದ ಇಬ್ಬರೂ ಪರಸ್ಪರ ಬೆರಳು ತೋರಿಸಿದರು. 2005ರಲ್ಲಿ, ಐದರ ಹರೆಯದಲ್ಲಿ, ಒಂದು ದಿನವೂ ಮನೆಯಲ್ಲಿ ಕಳೆಯದೆ ಜೋರ್ಡನ್ ಆಸ್ಪತ್ರೆಯಲ್ಲೇ ಕೊನೆಯುಸಿರೆಳೆದ.

ಮೊದಲು ಮಗುವಿಗೆ ಸೇವೆ, ಖರ್ಚಿನ ಲೆಕ್ಕ ಆಮೇಲೆ ಎಂಬ 'ಜೋರ್ಡನ್ ತತ್ವ'ವನ್ನು ಕೆನಡಾ ಸಂಸತ್ತಿನ ಕೆಳಮನೆ 2007ರ ಡಿಸೆಂಬರ್‌ನಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಆದರೆ ಅಧಿಕಾರಿಗಳು ಅದನ್ನು ಬಹಳ ಸಂಕುಚಿತವಾಗಿ ಅರ್ಥೈಸಿದರು.

ಅದೇ ವರ್ಷ ಮಕ್ಕಳ ಹಕ್ಕುಗಳ ಹೋರಾಟಗಾರ್ತಿ ಸಿಂಡಿ ಬ್ಲ್ಯಾಕ್‌ಸ್ಟಾಕ್ ಅವರ ಸಂಸ್ಥೆ ಹಾಗೂ ಮೂಲನಿವಾಸಿಗಳ ರಾಷ್ಟ್ರೀಯ ಸಭೆ ಮಾನವ ಹಕ್ಕು ಆಯೋಗದ ಕದ ತಟ್ಟಿದವು. ದೂರಿನ ತಿರುಳು ಸರಳ. ಬಡ ಕುಟುಂಬ ತನ್ನ ಮಗುವನ್ನು ಮನೆಯಲ್ಲೇ ಸಾಕಲು ಬೇಕಾದ ನೆರವಿಗೆ ಸರಕಾರದ ಅನುದಾನ ತೀರಾ ಕಡಿಮೆ. ಅದೇ ಮಗುವನ್ನು ಬೇರ್ಪಡಿಸಿ ಬೇರೆಯವರ ಪಾಲನೆಗೆ ಒಪ್ಪಿಸಿದರೆ ಪೂರ್ಣ ಖರ್ಚು ಸಂದಾಯ. ಇದು ಜನಾಂಗೀಯ ತಾರತಮ್ಯವೇ ಎಂದು 2016ರ ಜನವರಿಯಲ್ಲಿ ಮಾನವ ಹಕ್ಕು ನ್ಯಾಯಮಂಡಳಿ ತೀರ್ಪಿತ್ತಿತು. ಮತ್ತೆ ಹಲವು ವರ್ಷ ಕಾನೂನು ಸಮರ ನಡೆದು, 2023ರ ಅಕ್ಟೋಬರ್‌ನಲ್ಲಿ 2,300 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಒಪ್ಪಂದಕ್ಕೆ ಫೆಡರಲ್ ನ್ಯಾಯಾಲಯ ಸಮ್ಮತಿಸಿತು.

ಹಣದಿಂದ ಎಲ್ಲವೂ ಸರಿಹೋಗದು. 2021ರ ಜನಗಣತಿಯಂತೆ ಕೆನಡಾದಲ್ಲಿ 15 ವರ್ಷದೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7 ಮಾತ್ರ, ಸಾಕುಮನೆಗಳಲ್ಲಿರುವವರಲ್ಲಿ ಅವರ ಪಾಲು ಶೇ. 53.8. ಅಜ್ಜ-ಅಜ್ಜಿ, ಭಾಷೆ, ಹಾಡು-ಹಸೆ ಎಲ್ಲದರಿಂದಲೂ ಆ ಮಕ್ಕಳು ದೂರ. ತಮ್ಮ ಮಕ್ಕಳ ಪಾಲನೆಗೆ ತಾವೇ ಕಾನೂನು ರೂಪಿಸುವ ಹಕ್ಕನ್ನು ಮೂಲನಿವಾಸಿಗಳಿಗೆ ಮಾನ್ಯಮಾಡಿದ 2019ರ ಕಾಯ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಎತ್ತಿಹಿಡಿದಿರುವುದು ಆಶಾದಾಯಕ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಮಕ್ಕಳ ಬಾಯಲ್ಲಿ ಕನ್ನಡ ಉಳಿಯಲೆಂದು ಸಂಘ ಕಟ್ಟಿಕೊಂಡವರಿಗೆ ಈ ಸಂಕಟ ತೀರಾ ಅಪರಿಚಿತವಲ್ಲ. ಆದರೆ ನಮ್ಮ ಮಕ್ಕಳು ನಮ್ಮ ಮಡಿಲಲ್ಲೇ ಇದ್ದಾರೆ. ಆ ತಾಯಂದಿರಿಗೆ ಅಷ್ಟನ್ನು ಪಡೆಯಲೂ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.