ಎಪಾಕ್ಸಿ ನೆಲಹಾಸಿಗೆ ಮುನ್ನ ಕಾಂಕ್ರೀಟ್ ತಳದ ಸಿದ್ಧತೆ: ಗ್ರಾಮ ಪಂಚಾಯತಿ ಸದಸ್ಯರು ಗಮನಿಸಬೇಕಾದ ಅಂಶಗಳು

ಆರೋಗ್ಯ ಉಪಕೇಂದ್ರ, ಶುದ್ಧ ಕುಡಿಯುವ ನೀರಿನ ಘಟಕ ಮೊದಲಾದ ಕಟ್ಟಡಗಳಿಗೆ ಎಪಾಕ್ಸಿ ನೆಲಹಾಸು ಉಪಯುಕ್ತವಾಗಿದೆ. ಸಂದುಗಳಿಲ್ಲದ ಕಾರಣ ಕೊಳೆ ನಿಲ್ಲದು, ತೊಳೆಯುವುದೂ ಸುಲಭ. ಆದರೆ ಈ ಲೇಪನದ ದಪ್ಪ ಕೆಲವೇ ಮಿಲಿಮೀಟರ್. ಭಾರ ಹೊರುವುದು ಅದರ ಕೆಳಗಿನ ಕಾಂಕ್ರೀಟ್. ತಳವು ತೇವವಾಗಿದ್ದರೆ ಅಥವಾ ಪುಡಿಯೇಳುತ್ತಿದ್ದರೆ ಲೇಪನವು ಗುಳ್ಳೆಗಟ್ಟಿ, ಚಕ್ಕೆಯಾಗಿ ಕಳಚುತ್ತದೆ. ಸಾರ್ವಜನಿಕ ಹಣ ವ್ಯರ್ಥವಾಗುತ್ತದೆ.

ರೋಣ, ನರಗುಂದ ಭಾಗದ ಎರೆಭೂಮಿಯಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ. ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಆದ್ದರಿಂದ ನೆಲದಡಿಯ ಎರೆಮಣ್ಣನ್ನು ತೆಗೆದು, ಗರಸನ್ನು ಪದರ ಪದರವಾಗಿ ತುಂಬಿ, ನೀರು ಹಾಕಿ ಗಟ್ಟಿಗೊಳಿಸಿ, ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿದ ಬಳಿಕವೇ ಕಾಂಕ್ರೀಟ್ ಹಾಕಿಸಬೇಕು.

ಲೇಪನಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು ಹೀಗಿವೆ:

1. ಅವಧಿ: ಐ.ಎಸ್. 456:2000ರ ಪ್ರಕಾರ ಬಿಸಿಲಿನ, ಒಣ ಹವೆಯಲ್ಲಿ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಕಾಂಕ್ರೀಟಿಗೆ ಒಟ್ಟು 28 ದಿನ ತುಂಬಿರಬೇಕು. 28 ದಿನವೆಂಬುದು ಬಲದ ಲೆಕ್ಕವೇ ಹೊರತು ಒಣಗಿದ್ದಕ್ಕೆ ಖಾತರಿಯಲ್ಲ.

2. ತೇವ: ಸುಮಾರು 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಒಳಬದಿಯಲ್ಲಿ ಹನಿ ಮೂಡಿದರೆ ಅಥವಾ ಕಾಂಕ್ರೀಟ್ ಕಪ್ಪಾಗಿ ಕಂಡರೆ ಲೇಪನ ಹಾಕಕೂಡದು. ಅಳತೆ ಉಪಕರಣವಿದ್ದಲ್ಲಿ ತೇವಾಂಶವು ಸಾಮಾನ್ಯವಾಗಿ ಶೇ. 4ಕ್ಕಿಂತ ಕಡಿಮೆ ಇರಬೇಕು.

3. ಮೇಲ್ಮೈ: ಒಣ ಸಿಮೆಂಟ್ ಎರಚಿ ನುಣುಪುಗೊಳಿಸುವ ರೂಢಿ ಇಲ್ಲಿ ಸಲ್ಲದು. ಮೇಲಿನ ಸಡಿಲ ಸಿಮೆಂಟ್ ಪದರವನ್ನು ಯಂತ್ರದಿಂದ ಉಜ್ಜಿ ತೆಗೆದು, ಧೂಳನ್ನು ಯಂತ್ರದಿಂದಲೇ ಹೀರಿಸಬೇಕು. ಬಳಿಕ ಹಾಕಿದ ನೀರಿನ ಹನಿ ಇಂಗಬೇಕು. ಮುತ್ತಿನಂತೆ ನಿಂತರೆ ಎಣ್ಣೆ ಅಥವಾ ಜಿಡ್ಡು ಉಳಿದಿದೆ ಎಂದರ್ಥ.

4. ಬಿರುಕು ಮತ್ತು ಸಂದು: ಬಿರುಕುಗಳನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಬೇಕು. ಕಾಂಕ್ರೀಟಿನ ಹಿಗ್ಗು-ಕುಗ್ಗಿಗೆ ಬಿಟ್ಟ ಸಂದುಗಳನ್ನು ಲೇಪನದಲ್ಲಿಯೂ ಉಳಿಸಿಕೊಳ್ಳಬೇಕು.

ಲೇಪನ ಮುಗಿದ ಮೇಲೆ ತಳ ಕಣ್ಣಿಗೆ ಬೀಳದು. ಆದ್ದರಿಂದ ತಳದ ಸಿದ್ಧತೆಯನ್ನು ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಿ, ತೇವ ಪರೀಕ್ಷೆಯ ದಿನಾಂಕ ಮತ್ತು ಛಾಯಾಚಿತ್ರಗಳನ್ನು ಕಡತದಲ್ಲಿರಿಸಿ, ಅಭಿಯಂತರರು ತಳವನ್ನು ಪರಿಶೀಲಿಸಿದ ನಂತರವೇ ಮುಂದಿನ ಹಂತಕ್ಕೆ ಅನುಮತಿಸುವುದು ಸೂಕ್ತ. ಫೆಬ್ರವರಿ ಕೊನೆಯಲ್ಲಿ ಕಾಂಕ್ರೀಟ್ ಹಾಕಿಸಿ, ಮಾರ್ಚ್ 31ರೊಳಗೆ ಬಿಲ್ಲು ಪಾವತಿಸುವ ಅವಸರದಲ್ಲಿ ಹಸಿ ತಳದ ಮೇಲೆಯೇ ಲೇಪನ ಬೀಳುವ ಸಂಭವವಿದೆ. ಮಳೆಗಾಲ ಮುಗಿದೊಡನೆ, ನವೆಂಬರ್ ವೇಳೆಗೆ ಕಾಂಕ್ರೀಟ್ ಮುಗಿಸಿದರೆ ಒಣಗಲು ಸಾಕಷ್ಟು ಕಾಲಾವಕಾಶ ದೊರೆಯುತ್ತದೆ.

ಎಲ್ಲ ಕೋಣೆಗಳಿಗೂ ಎಪಾಕ್ಸಿ ಬೇಕಿಲ್ಲ. ಸಭಾಭವನ, ಕಚೇರಿಗಳಿಗೆ ಶಹಾಬಾದ್ ಕಲ್ಲಿನ ನೆಲವೇ ಸಾಕು. ಎಪಾಕ್ಸಿ ಅಗತ್ಯವಿರುವ ಕಡೆ ಮಾತ್ರ, ತಳ ಸಿದ್ಧವಾಗಿದೆಯೇ ಎಂಬ ಪ್ರಶ್ನೆಯನ್ನು ಸದಸ್ಯರು ಮೊದಲು ಕೇಳಬೇಕಾಗಿ ಕೋರಿದೆ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ
ಗ್ರಾಮ ಪಂಚಾಯತಿ, ರಾಜೂರ