ಹಬ್ಬ ಮುಗಿದ ಮನೆಯಲ್ಲಿ ಒಂಟಿ ಜೀವ



ಕ್ರಿಸ್ತಜಯಂತಿಯಂದು ನಮ್ಮ ಮನೆಗಳು ತುಂಬಿರುತ್ತವೆ. ಬೆಂಗಳೂರು, ಹುಬ್ಬಳ್ಳಿಗಳಿಂದ ಮಕ್ಕಳು ಬರುತ್ತಾರೆ. ಗೋದಲಿ ಕಟ್ಟುತ್ತೇವೆ, ನೆರೆಹೊರೆಗೆ ಸಿಹಿ ಹಂಚುತ್ತೇವೆ. ಎರಡು ದಿನ ಕಳೆದರೆ ಮಕ್ಕಳು ಮರಳಿ ಬಸ್ ಹತ್ತುತ್ತಾರೆ. ಆಮೇಲೆ ಮನೆಯಲ್ಲಿ ಒಬ್ಬಳೇ ಉಳಿಯುವ ಅವ್ವನ ಬಗ್ಗೆ ನಾವು ಯೋಚಿಸಿದ್ದೇವೆಯೇ? ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ" ಎನ್ನುತ್ತಾಳೆ. ಒಬ್ಬಳಿಗೆ ಯಾಕೆ ಅಡುಗೆ ಎಂದು ಚಹಾ ಕುಡಿದು ಮಲಗಿದ್ದನ್ನು ಹೇಳುವುದಿಲ್ಲ.

ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲದ ಸೋಮವಾರ, ಗುರುವಾರಗಳಂದು ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ದಿನವಿಡೀ ತೊಟ್ಟು ಬಿಡಿಸುವ ತಂಗಿಗೆ ಮನದ ನೋವು ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಆಕೆ ಒಂಟಿಯೇ. ರಾಣೆಬೆನ್ನೂರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಮಾತಿಲ್ಲದೆ ಕುಳಿತ ಅಜ್ಜನೂ, ಹಾವೇರಿಯ ಹಾಸ್ಟೆಲಿನಲ್ಲಿ ಓದುವ ಹುಡುಗನೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ.

ಇದು ಮನಸ್ಸನ್ನು ಹೇಗೆ ಕೆಡಿಸುತ್ತದೆ? ಮೊದಲು ನಿದ್ದೆ, ಹಸಿವು ಕಡಿಮೆಯಾಗುತ್ತವೆ. "ನಾನು ಯಾರಿಗೂ ಬೇಡ" ಎಂಬ ಭಾವ ಬೇರೂರುತ್ತದೆ. ಯಾರಾದರೂ ನೋಡದೆ ಹೋದರೂ ಅವಮಾನವೆನಿಸುತ್ತದೆ. ಅದಕ್ಕೇ ಜನರಿಂದ ದೂರ ಸರಿಯುತ್ತಾರೆ, ಜನರೂ ಕರೆಯುವುದನ್ನು ಬಿಡುತ್ತಾರೆ. ಹೀಗೆ ಒಂಟಿತನವೇ ಒಂಟಿತನವನ್ನು ಬೆಳೆಸುತ್ತದೆ. ಮುಂದೆ ಖಿನ್ನತೆ, ಆತಂಕ ಬರಬಹುದು. ಹೃದ್ರೋಗ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ.

"ಪ್ರಾರ್ಥನೆ ಮಾಡು, ಸರಿಹೋಗುತ್ತದೆ" ಎಂದು ನಾವು ಹೇಳುತ್ತೇವೆ. ಪ್ರಾರ್ಥನೆ ಬಲ ಕೊಡುತ್ತದೆ ನಿಜ. ಆದರೆ ಸಕ್ಕರೆ ಕಾಯಿಲೆ ಬಂದಾಗ ಪ್ರಾರ್ಥಿಸುತ್ತಲೇ ವೈದ್ಯರ ಬಳಿಗೂ ಹೋಗುತ್ತೇವಲ್ಲವೇ? ಮನಸ್ಸಿನ ಕಾಯಿಲೆಗೂ ಅದೇ ದಾರಿ. ಬಳಲಿದವರನ್ನು ವಿಶ್ವಾಸ ಸಾಲದು ಎಂದು ಜರೆಯುವುದು ಗಾಯದ ಮೇಲೆ ಬರೆ ಎಳೆದಂತೆ.

ಬೇಸರ, ನಿರುತ್ಸಾಹ ಎರಡು ವಾರ ಬಿಡದೆ ಕಾಡಿದರೆ ತಡಮಾಡಬಾರದು. ನಂಬಿಕೆಯ ಒಬ್ಬರಿಗೆ ಮೊದಲು ಹೇಳಿಕೊಳ್ಳೋಣ. ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಅಲ್ಲಿಯೇ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯರಿಗಾಗಿ 14567 ಇದೆ. ಸಾಯುವ ಮಾತಾಡುವವರನ್ನು ಒಬ್ಬರೇ ಬಿಡದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯೋಣ.

ಈ ಭಾನುವಾರ ಬಲಿಪೂಜೆಗೆ ಯಾರು ಬರಲಿಲ್ಲ ಎಂದು ಗಮನಿಸೋಣ. ಸಂಜೆ ಅವರ ಬಾಗಿಲು ತಟ್ಟೋಣ. ಎರಡು ರೊಟ್ಟಿ, ಪಲ್ಯ ಒಯ್ದು ಜೊತೆಗೆ ಕುಳಿತು ಉಣ್ಣೋಣ. ಬುದ್ಧಿ ಹೇಳುವುದು ಬೇಡ, ಅವರು ಹೇಳುವುದನ್ನು ಕೇಳೋಣ. ಮುಂದಿನ ವಾರ ಮತ್ತೆ ಹೋಗೋಣ.