ಚಪ್ಪಾಳೆ ಹೊಡೆಯೋಕಲ್ಲ, ಪಾತ್ರ ಮಾಡೋಕೆ ಕರೀರಿ

ಶಾಲೆಯ ಗ್ಯಾದರಿಂಗ್ ನೆನಪಿದೆಯಾ? ವೇದಿಕೆ ಮೇಲೆ ಎಲ್ಲರೂ ಕುಣೀತಿದ್ದರೆ, ಗಾಲಿಕುರ್ಚಿಯ ಹುಡುಗ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೀತಿರ್ತಾನೆ. ‘ಪಾಪ, ಅವನಿಗ್ಯಾಕೆ ತೊಂದರೆ’ ಅಂತ ದೊಡ್ಡವರೇ ತೀರ್ಮಾನ ಮಾಡಿರ್ತಾರೆ. ಅವನನ್ನು ಮಾತ್ರ ಯಾರೂ ಕೇಳಿರೋದಿಲ್ಲ.

ಆ ಮಗು ಗುಳೆ ಬಂದ ಮನೆಯದೋ, ದೇಶ ಬಿಟ್ಟು ಬಂದ ಕುಟುಂಬದ್ದೋ ಆಗಿದ್ದರೆ? ಊರು ಹೊಸದು, ಭಾಷೆ ಹೊಸದು, ಜೊತೆಗೆ ಅಂಗವೈಕಲ್ಯ. ಇದೇನು ದೂರದ ಕಥೆಯಲ್ಲ. ಹಾನಗಲ್ ದಾಟಿದರೆ ಸಿಗುವ ಮುಂಡಗೋಡದಲ್ಲಿ 1966ರಿಂದಲೂ ಟಿಬೆಟನ್ ನಿರಾಶ್ರಿತರಿದ್ದಾರೆ.

ಇಂಥ ಮಕ್ಕಳಿಗೆ ರಂಗಭೂಮಿ ಏನು ಕೊಡಬಲ್ಲದು? ಉತ್ತರ ನಮ್ಮ ಜಿಲ್ಲೆಯ ಮಣ್ಣಲ್ಲೇ ಇದೆ.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತರು. ಆಮೇಲೆ ಶಿಷ್ಯರನ್ನು ಕಟ್ಟಿಕೊಂಡು ಊರೂರು ಅಲೆದು ಪಾಠ ಹೇಳಿದರು. ಅದು ಸ್ವಂತ ಸೂರಿಲ್ಲದ ಶಾಲೆ! ಕೊನೆಗೆ ನೆಲೆ ಸಿಕ್ಕಿದ್ದು ಗದಗದಲ್ಲಿ, ಅದೇ ವೀರೇಶ್ವರ ಪುಣ್ಯಾಶ್ರಮ.

1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಹಾವೇರಿ ಪಕ್ಕದ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡು, ಸೋದರಮಾವನ ಮನೆಯಲ್ಲಿ ಬೆಳೆದವರು. ನೂರಾರು ಅಂಧ, ಅನಾಥ ಮಕ್ಕಳ ಊಟ-ಪಾಠಕ್ಕೆ ದುಡ್ಡು ಬೇಕಲ್ಲ? ಆಶ್ರಮವೇ ನಾಟಕ ಕಂಪನಿ ನಡೆಸಿತು. ಅಜ್ಜಾರೇ ನಾಟಕ ಬರೆದರು. ಜನ ಟಿಕೆಟ್ ತಗೊಂಡು ನೋಡಿದರು.

ಗಮನಿಸಿ, ಅದು ದಾನದ ಡಬ್ಬಿ ಅಲ್ಲ, ಟಿಕೆಟ್. ‘ಪಾಪ’ ಅನ್ನೋದಕ್ಕೂ ‘ಭಾರಿ ಮಾಡಿದ್ರಿ’ ಅನ್ನೋದಕ್ಕೂ ಇರೋ ವ್ಯತ್ಯಾಸ ಇದೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಕಲೆ, ಮನರಂಜನೆಯಲ್ಲಿ ಪಾಲ್ಗೊಳ್ಳುವುದನ್ನೂ ಹಕ್ಕು ಅನ್ನುತ್ತದೆ. ಆದರೆ ಕಾಯ್ದೆ ವೇದಿಕೆವರೆಗೆ ಬರಬೇಕಾದರೆ ನಾವು ಕೈ ಹಾಕಲೇಬೇಕು.

ದೊಡ್ಡ ಖರ್ಚೇನೂ ಇಲ್ಲ. ಮೆಟ್ಟಿಲ ಪಕ್ಕ ಗಟ್ಟಿಯಾದ, ಕಡಿದಲ್ಲದ ಇಳಿಜಾರು. ವೇದಿಕೆ ಅಂಚಿಗಿಂತ ಎರಡು ಹೆಜ್ಜೆ ಹಿಂದೆ ದಪ್ಪ ಹಗ್ಗ ಅಂಟಿಸಿದರೆ ಕಣ್ಣು ಕಾಣದ ಮಗುವಿನ ಪಾದಕ್ಕೆ ಅದೇ ಗುರುತು. ಕಿವಿ ಕೇಳದ ಮಗುವಿಗೆ ‘ಈಗ ನಿನ್ನ ಸರದಿ’ ಅನ್ನೋಕೆ ಒಂದು ದೀಪ ಸಾಕು. ಕನ್ನಡ ಬಾರದ ಮಗು ತನ್ನ ಭಾಷೆಯಲ್ಲೇ ಮಾತಾಡಲಿ, ಗೆಳೆಯನೊಬ್ಬ ಅದನ್ನೇ ಕನ್ನಡದಲ್ಲಿ ಹೇಳಲಿ. ನಾಟಕಕ್ಕೆ ಅದೂ ಒಂದು ಸೊಗಸು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಲ್ಲಿ ನೀವು ಓದಿದ ಶಾಲೆಗೆ ಈ ಸಲದ ಗ್ಯಾದರಿಂಗ್‌ಗೂ ಮುಂಚೆ ಒಂದು ಫೋನ್ ಮಾಡಿ. ದೇಣಿಗೆ ಆಮೇಲೆ ಕೊಡಿ. ಮೊದಲು ಕೇಳಿ: ‘ಮುಂದಿನ ಸಾಲಲ್ಲಿ ಕೂರೋ ಆ ಹುಡುಗನಿಗೆ ಯಾವ ಪಾರ್ಟು ಬೇಕಂತೆ?’